ಗರಿಗರಿ ಬಿಸ್ಕತ್ತಿನ ಮೇಲೆ ಬರೆದದ್ದು

ಹೋದ ತಿಂಗಳು ಬಿಳಿಗೆರೆಯಿಂದ ಇಬ್ಬರು ಹೆಣ್ಣುಮಕ್ಕಳು ನಂಜನಗೂಡಿನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಇಬ್ಬರೂ ಸೇರಿ ಮನೆಯಲ್ಲೇ ಸಕ್ಕರೆ ಬಿಸ್ಕತ್ತು ಮಾಡಿ, ಅದರ ಮೇಲೆ ಬಣ್ಣದ ಚಿತ್ರ ಬರೆದು ಮಾರುವ ಯೋಚನೆಯಲ್ಲಿದ್ದಾರೆ. ಓವನ್ ಕೊಂಡಾಗಿದೆ, ಹೆಸರೂ ಇಟ್ಟಾಗಿದೆ, ಬಿಸ್ಕತ್ತು ಮಾತ್ರ ಇನ್ನೂ ಗರಿಗರಿಯಾಗಿ ಬರುತ್ತಿಲ್ಲ. ನನ್ನ ಅಳತೆ ಕೇಳಿದರು. ಹೇಳಿದೆ. ಮೈದಾ ಎರಡು ಪಾಲು, ಬೆಣ್ಣೆ ಒಂದು ಪಾಲು, ಪುಡಿ ಮಾಡಿದ ಸಕ್ಕರೆ ಒಂದು ಪಾಲಿಗೆ ಸ್ವಲ್ಪ ಕಡಿಮೆ, ಚಿಟಿಕೆ ಉಪ್ಪು, ಹಿಟ್ಟು ಒಗ್ಗೂಡುವಷ್ಟು ಹಾಲು. ಬರೆದುಕೊಂಡರು. ಐದು ನಿಮಿಷದಲ್ಲಿ ಮುಗಿಯಿತು. ಅವರಲ್ಲಿ ಒಬ್ಬಳು, "ಇಷ್ಟೇನಾ ಆಂಟಿ?" ಎಂದು ಕೇಳಿದಳು. ಇಷ್ಟೇ ಎಂದು ಹೇಳಿ ಕಾಫಿ ಕೊಟ್ಟು ಕಳುಹಿಸಿದೆ.

ಅವರು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಬೇಕರಿಯಲ್ಲಿ ಹನ್ನೊಂದು ವರ್ಷ, ಮನೆಯಲ್ಲಿ ಇಪ್ಪತ್ತೆರಡು ವರ್ಷ ಮಾಡಿದ ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸಿ ಕಳುಹಿಸಿದೆನಲ್ಲ ಅನ್ನಿಸಿತು. ಅಳತೆಯನ್ನು ಈಗ ಫೋನಿನಲ್ಲೇ ಯಾರಾದರೂ ಹೇಳುತ್ತಾರೆ. ಫೋನು ಹೇಳದ ಸಂಗತಿಗಳು ಕೆಲವಿವೆ. ಆ ಹುಡುಗಿಯರಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಜಾಣತನಕ್ಕಿಂತ ಎಡವಟ್ಟುಗಳೇ ಹೆಚ್ಚಿವೆ. ಓದುವವರಿಗೆ ಉಪಯೋಗಕ್ಕೆ ಬರುವುದೂ ಅವೇ.

ನಾನು ನಂಜನಗೂಡು ಹತ್ತಿರದ ಹೆಡತಲೆಯವಳು. ಹೆಸರು ಮಹದೇವಮ್ಮ. ಎಸ್ಸೆಸ್ಸೆಲ್ಸಿವರೆಗೆ ಓದಿ, ಲೈನ್‌ಮನ್ ಕೆಲಸದಲ್ಲಿದ್ದ ಸಿದ್ದರಾಜು ಅವರನ್ನು ಮದುವೆಯಾಗಿ ತಿ. ನರಸೀಪುರಕ್ಕೆ ಹೋದೆ. ಅಲ್ಲಿ ನಮ್ಮ ಬಾಡಿಗೆ ಮನೆಯ ಹಿಂದೆಯೇ ಒಂದು ಬೇಕರಿ ಇತ್ತು. ಬ್ರೆಡ್ಡು, ಬನ್ನು ಪ್ಯಾಕ್ ಮಾಡುವುದಕ್ಕೆ ಹೆಂಗಸರು ಬೇಕೆಂದಾಗ ಸೇರಿಕೊಂಡೆ. ಬ್ರೆಡ್ಡು ಸುಡುವ ಭಟ್ಟಿಯ ಹತ್ತಿರ ನಮ್ಮನ್ನು ಬಿಡುತ್ತಿರಲಿಲ್ಲ. ಅದು ಬಸಪ್ಪ ಮಾಸ್ಟರ ಸಾಮ್ರಾಜ್ಯ. ಬೇಕರಿಗಳಲ್ಲಿ ಹಿಟ್ಟು ಕಲಸಿ ಭಟ್ಟಿ ನೋಡಿಕೊಳ್ಳುವ ಹಿರಿಯನನ್ನು ಮಾಸ್ಟರು ಎನ್ನುತ್ತಾರೆ. ಬಸಪ್ಪ ಮಾಸ್ಟರು ಎತ್ತರದ ಆಳು. ಬನಿಯನ್ನು, ಮೊಣಕಾಲಿನವರೆಗೆ ಮಡಿಸಿ ಕಟ್ಟಿದ ಪಂಚೆ, ಹುಬ್ಬಿನ ಮೇಲೆ ಯಾವಾಗಲೂ ಮೈದಾ. ಯಾರಿಗೂ ಏನನ್ನೂ ಕಲಿಸುತ್ತಿರಲಿಲ್ಲ. ಕೇಳಿದರೆ, ನೋಡ್ಕೊ ಎನ್ನುವರು. ನೋಡುತ್ತ ನಿಂತರೆ, ಕೆಲಸ ಇಲ್ವಾ ಎನ್ನುವರು. ಈ ಎರಡರ ನಡುವೆ ಎಷ್ಟು ಸಿಗುತ್ತದೋ ಅಷ್ಟನ್ನು ಕಲಿಯಬೇಕಿತ್ತು.

ನಾಲ್ಕು ವರ್ಷ ಹಾಗೆಯೇ ಕಳೆಯಿತು. ಒಂದು ದಿನ ಅವರ ಸಹಾಯಕ ರಜಾ ಹಾಕಿದ್ದ. ಮಾಸ್ಟರು ನನ್ನನ್ನು ಕರೆದು ಸಕ್ಕರೆ ಬಿಸ್ಕತ್ತಿನ ಹಿಟ್ಟು ಕಲಸಲು ಹೇಳಿದರು. ನೋಡಿ ನೋಡಿ ನನಗೆಲ್ಲ ಗೊತ್ತು ಎಂಬ ಧೈರ್ಯ. ಬೆಣ್ಣೆಗೆ ಸಕ್ಕರೆ ಹಾಕಿದೆ, ಮೈದಾ ಹಾಕಿದೆ, ಲಟ್ಟಿಸಿದೆ, ಅಚ್ಚಿನಿಂದ ದುಂಡಗೆ ಕತ್ತರಿಸಿ ಟ್ರೇಯಲ್ಲಿ ಜೋಡಿಸಿದೆ. ಮಾಸ್ಟರು ಅದನ್ನು ಭಟ್ಟಿಗೆ ತಳ್ಳಿದರು. ಹೊರಗೆ ತೆಗೆದಾಗ ಟ್ರೇಯಲ್ಲಿ ಬಿಸ್ಕತ್ತುಗಳು ಇರಲಿಲ್ಲ. ಟ್ರೇ ಅಗಲಕ್ಕೆ ಒಂದೇ ಒಂದು ಬಿಸ್ಕತ್ತು ಇತ್ತು. ಸಕ್ಕರೆಯನ್ನು ಪುಡಿ ಮಾಡದೆ ಹರಳನ್ನೇ ಸುರಿದಿದ್ದೆ. ಹರಳು ಬಿಸಿಗೆ ಕರಗಿ, ಒಂದು ಬಿಸ್ಕತ್ತು ಇನ್ನೊಂದರೊಳಗೆ ಹರಿದು, ಎಲ್ಲವೂ ಒಂದಾಗಿಬಿಟ್ಟಿದ್ದವು.

ಕೆಲಸ ಹೋಯಿತು ಎಂದುಕೊಂಡೆ. ಮಾಸ್ಟರು ಆ ಹಲಗೆಯಂಥದ್ದನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು. ಆಮೇಲೆ ಸುತ್ತಿಗೆಯಂತೆ ಮುಷ್ಟಿಯಿಂದ ಗುದ್ದಿ ಚೂರು ಮಾಡಿ ಒಂದು ಗಾಜಿನ ಭರಣಿಗೆ ತುಂಬಿ ಮುಂದಿನ ಕಟ್ಟೆಯ ಮೇಲೆ ಇಟ್ಟರು. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಅದನ್ನೇ ಮುಗಿಬಿದ್ದು ಕೊಂಡರು. ಮಾರನೆಯ ದಿನ ಮಕ್ಕಳು ಬಂದು ಮತ್ತೆ ಅದೇ ಚೂರು ಬೇಕೆಂದಾಗ ಮಾಸ್ಟರು ನನ್ನ ಕಡೆ ತಿರುಗಿ, "ನಿನ್ನ ಎಡವಟ್ಟಿಗೂ ಗಿರಾಕಿ ಅವ್ರೆ ಕಣವ್ವ. ಆದ್ರೆ ಇನ್ನೊಂದ್ಸತಿ ಮಾಡ್ಬೇಡ" ಎಂದರು. ಅಂದಿನಿಂದ ನನ್ನನ್ನು ಹಿಟ್ಟಿನ ಹತ್ತಿರ ಬಿಟ್ಟರು. ಲಟ್ಟಿಸುವಾಗ ಎರಡು ಪಕ್ಕದಲ್ಲೂ ಒಂದೇ ದಪ್ಪದ ಎರಡು ಮರದ ಪಟ್ಟಿ ಇಟ್ಟುಕೊಳ್ಳುವುದು, ಕಲಸಿದ ಹಿಟ್ಟನ್ನು ತಂಪಿನಲ್ಲಿ ಒಂದು ಗಂಟೆ ಸುಮ್ಮನೆ ಬಿಡುವುದು, ಅಂಚು ಮಾತ್ರ ಹೊಂಬಣ್ಣಕ್ಕೆ ತಿರುಗಿದಾಗ ಹೊರಗೆ ತೆಗೆಯುವುದು, ಇವೆಲ್ಲ ಅವರ ಕೈ ನೋಡಿ ಕಲಿತದ್ದು.

ಯಜಮಾನರಿಗೆ ನಂಜನಗೂಡಿಗೆ ವರ್ಗವಾದಾಗ ಬೇಕರಿ ಬಿಡಬೇಕಾಯಿತು. ಮನೆಯಲ್ಲಿ ಕೂತರೆ ಕೈ ಸುಮ್ಮನಿರಲಿಲ್ಲ. ಮೊದಲು ಸೀಮೆಎಣ್ಣೆ ಸ್ಟೌ ಮೇಲೆ ದಬರಿಯಲ್ಲಿ ಮರಳು ಹಾಕಿ, ಅದರೊಳಗೆ ತಟ್ಟೆ ಇಟ್ಟು, ಹನ್ನೆರಡು ಹನ್ನೆರಡೇ ಬಿಸ್ಕತ್ತು ಸುಟ್ಟೆ. ಆಮೇಲೆ ದುಂಡನೆಯ ಒಂದು ಕರೆಂಟ್ ಓವನ್ ಬಂತು. ಬೀದಿಯ ಮನೆಗಳಿಗೆ, ಮಕ್ಕಳ ಹುಟ್ಟುಹಬ್ಬಕ್ಕೆ ಕೊಡತೊಡಗಿದೆ. ರುಚಿ ಚೆನ್ನಾಗಿತ್ತು. ಆದರೆ ಬೇಕರಿಯ ಬಿಸ್ಕತ್ತಿನಂತೆ ಮುರಿದಾಗ ಸದ್ದು ಬರುತ್ತಿರಲಿಲ್ಲ. ಎರಡನೇ ದಿನಕ್ಕೆ ಮೆತ್ತಗಾಗುತ್ತಿತ್ತು. ಕಪಿಲಾ ನದಿ ಹತ್ತಿರದಲ್ಲೇ ಇರುವುದರಿಂದ ತೇವ ಎಂದು ಒಬ್ಬರು, ಬೆಣ್ಣೆ ಸರಿಯಿಲ್ಲ ಎಂದು ಇನ್ನೊಬ್ಬರು ಹೇಳಿದರು. ನಾನು ಬೆಣ್ಣೆ ಬದಲಿಸಿದೆ, ಡಬ್ಬಿ ಬದಲಿಸಿದೆ. ಏನೂ ಆಗಲಿಲ್ಲ.

ಅದಕ್ಕೆ ಉತ್ತರ ಸಿಕ್ಕಿದ್ದು ನನ್ನ ಗಂಡನಿಂದ, ಅದೂ ಅವರಿಗೆ ಗೊತ್ತಿಲ್ಲದೆ. ಒಂದು ಬೆಳಿಗ್ಗೆ ಶಾಲೆಯ ಒಬ್ಬ ಮೇಡಂ ಅವರ ಬೀಳ್ಕೊಡುಗೆಗೆಂದು ದೊಡ್ಡ ಆರ್ಡರ್ ಇತ್ತು. ಟ್ರೇ ಓವನ್ನಿನೊಳಗೆ ಹೋಗಿ ಹತ್ತು ನಿಮಿಷವಾಗಿತ್ತು, ಕರೆಂಟ್ ಹೋಯಿತು. ಯಜಮಾನರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಹೊರಗೆ ಬಂದು ನೋಡಿದರೆ, ನಮ್ಮ ಬೀದಿಯ ಕೊನೆಯ ಕಂಬದ ಮೇಲೆ ಅವರೇ ಇದ್ದಾರೆ. ತಂತಿ ದುರಸ್ತಿಗೆ ಕರೆಂಟ್ ತೆಗೆಸಿದವರೂ ಅವರೇ. ಹಿಟ್ಟಿನ ಕೈಯಲ್ಲೇ ಕಂಬದ ಬುಡಕ್ಕೆ ಹೋಗಿ, ಹತ್ತೇ ಹತ್ತು ನಿಮಿಷ ಕರೆಂಟ್ ಬಿಡಿಸಿ, ಬಿಸ್ಕತ್ತು ಹಾಳಾಗ್ತದೆ ಎಂದು ಕೇಳಿದೆ. ಮೇಲಿನಿಂದ ಅವರು ನಿಧಾನವಾಗಿ ಹೇಳಿದರು, "ಈಗ ಕರೆಂಟ್ ಬಿಟ್ರೆ ನಾನು ಬಿಸ್ಕತ್ತಾಗ್ತೀನಿ ಕಣೆ, ಮಾದೇವಿ. ಯಾವ್ದು ಬೇಕು ನೋಡ್ಕೊ."

ಬೀದಿಯವರೆಲ್ಲ ನಗುತ್ತಿದ್ದರು. ನಾನು ಮುಖ ಊದಿಸಿಕೊಂಡು ಬಂದು ಜಗಲಿಯಲ್ಲಿ ಕೂತೆ. ಸಿಟ್ಟಿನಲ್ಲಿ ಓವನ್ನಿನ ಬಾಗಿಲನ್ನೂ ತೆಗೆಯಲಿಲ್ಲ. ಕರೆಂಟ್ ಬಂದದ್ದು ಒಂದೂವರೆ ಗಂಟೆಯ ಮೇಲೆ. ಹೇಗೂ ಎಸೆಯಬೇಕಲ್ಲ ಎಂದು ಟ್ರೇ ಎಳೆದು ಒಂದನ್ನು ಮುರಿದೆ. ಟಕ್ಕೆಂದಿತು. ಇನ್ನೊಂದನ್ನು ಮುರಿದೆ. ಅದೂ ಹಾಗೆಯೇ. ಆರುತ್ತಿದ್ದ ಓವನ್ನಿನ ಹದವಾದ ಬಿಸಿಯಲ್ಲಿ ಒಳಗಿನ ತೇವವೆಲ್ಲ ಮೆಲ್ಲಗೆ ಹೊರಟುಹೋಗಿತ್ತು. ಬೇಕರಿಯ ಭಟ್ಟಿಯಲ್ಲೂ ಇದೇ ಆಗುತ್ತಿತ್ತು. ಬ್ರೆಡ್ಡು ಬನ್ನೆಲ್ಲ ಆದ ಮೇಲೆ, ಇಳಿಬಿಸಿಯಲ್ಲಿ ಮಾಸ್ಟರು ಬಿಸ್ಕತ್ತು ಇಡುತ್ತಿದ್ದರು. ಹನ್ನೊಂದು ವರ್ಷ ಅದನ್ನು ನೋಡಿದ್ದೆ, ಅರ್ಥವಾಗಿರಲಿಲ್ಲ. ಆ ದಿನದಿಂದ ಅಂಚಿಗೆ ಬಣ್ಣ ಬರುವ ಹೊತ್ತಿಗೆ ಓವನ್ ಆರಿಸಿ, ಬಿಸಿ ಪೂರ್ತಿ ಇಳಿಯುವವರೆಗೆ ಬಿಸ್ಕತ್ತನ್ನು ಒಳಗೇ ಬಿಡುತ್ತ ಬಂದೆ. ಬಿಳಿಗೆರೆಯ ಹುಡುಗಿಯರೇ, ನಾನು ಹೇಳಲು ಮರೆತದ್ದರಲ್ಲಿ ಇದು ಮೊದಲನೆಯದು. ಯಜಮಾನರು ಮಾತ್ರ ಇದು ತಮ್ಮ ಸಂಶೋಧನೆ ಎಂದು ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ.

ಗರಿಗರಿ ಸಿಕ್ಕಿತು, ಇನ್ನು ಮೇಲಿನ ಸಿಂಗಾರ. ಬಿಸ್ಕತ್ತು ಪೂರ್ತಿ ಆರಿದ ಮೇಲೆ ಸಕ್ಕರೆ ಪುಡಿಯನ್ನು ನುಣ್ಣಗೆ ಕಲಸಿ ಅದರಿಂದ ಗೆರೆ ಎಳೆಯಬೇಕು. ಇದಕ್ಕೆ ಐಸಿಂಗ್ ಎನ್ನುತ್ತೇವೆ. ಈಗ ಅದಕ್ಕೆ ತೆಳ್ಳನೆಯ ಚೀಲಗಳು, ತರತರದ ಮೂತಿಗಳು ಸಿಗುತ್ತವೆ. ನಾನು ಶುರು ಮಾಡಿದ್ದು ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನಲ್ಲಿ. ಅದನ್ನು ಮೂಲೆಯಲ್ಲಿ ಸೂಜಿಯಷ್ಟು ಕತ್ತರಿಸಿದರೆ ಆಯಿತು. ಕಲಿಯುವುದಕ್ಕೆ ನನಗೆ ಕಷ್ಟವಾಗಲಿಲ್ಲ, ಯಾಕೆಂದರೆ ಚಿಕ್ಕಂದಿನಿಂದ ರಂಗೋಲಿ ಬಿಟ್ಟ ಕೈ. ರಂಗೋಲಿ ಬಿಡುವವರು ಪುಡಿಯನ್ನು ನೆಲಕ್ಕೆ ತಾಗಿಸಿ ಗೀಚುವುದಿಲ್ಲ, ಮೇಲಿನಿಂದ ಬಿಡುತ್ತಾರೆ. ಐಸಿಂಗೂ ಅಷ್ಟೆ. ಮೂತಿಯನ್ನು ಬಿಸ್ಕತ್ತಿಗೆ ತಾಗಿಸಬಾರದು. ಗೆರೆ ತಾನಾಗಿ ಬಿದ್ದು ಮಲಗಬೇಕು. ಇನ್ನು ಇರುವೆ. ಬಣ್ಣ ಒಣಗಲು ಇಟ್ಟ ಮೇಜಿನ ನಾಲ್ಕು ಕಾಲನ್ನೂ ನೀರು ತುಂಬಿದ ನಾಲ್ಕು ಬಟ್ಟಲಲ್ಲಿ ಇಡದಿದ್ದರೆ ಅರ್ಧ ಆರ್ಡರ್ ಅವುಗಳಿಗೇ.

ಹೆಸರು ಬರೆಯುವ ಆರ್ಡರುಗಳು ಹೆಚ್ಚಿದ್ದವು. ನನ್ನ ದೊಡ್ಡ ಎಡವಟ್ಟೂ ಅಲ್ಲೇ ಆಯಿತು. ಬಿಳಿಗೆರೆ ಕಡೆಯ ಚಿಕ್ಕಣ್ಣ ಎಂಬ ಹಿರಿಯರು ಫೋನ್ ಮಾಡಿ, ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆ ನಲವತ್ತು ಬಿಸ್ಕತ್ತು ಬೇಕು, ಎಲ್ಲದರ ಮೇಲೂ ಮಗುವಿನ ಹೆಸರು ಬರೆಯಬೇಕು ಎಂದರು. ಹೆಸರೇನೆಂದು ಕೇಳಿದೆ. "ಏಮಂತ" ಎಂದರು. ಈಗಿನ ಕಾಲದ ಹೆಸರುಗಳು ವಿಚಿತ್ರವಾಗಿರುತ್ತವೆ ಎಂದುಕೊಂಡು, ನೀಲಿ ಬಣ್ಣದಲ್ಲಿ ದುಂಡಗೆ ನಲವತ್ತು ಸಲ 'ಏಮಂತ' ಎಂದು ಬರೆದೆ. ಸಂಜೆ ಅವರ ಸೊಸೆಯೂ ಜೊತೆಗೆ ಬಂದಳು. ಡಬ್ಬಿಯ ಮುಚ್ಚಳ ತೆಗೆದವಳು ಬಿಸ್ಕತ್ತನ್ನೇ ನೋಡುತ್ತ ನಿಂತಳು. ಮಗುವಿನ ಹೆಸರು ಹೇಮಂತ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮೂರಿನ ಮಾತಿನಲ್ಲೂ ಹಕಾರ ನಿಲ್ಲುವುದಿಲ್ಲ. ಅಷ್ಟು ಗೊತ್ತಿದ್ದೂ ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದೆ. ಹೆರೆದು ಮತ್ತೆ ಬರೆಯುತ್ತೇನೆ, ಎರಡು ಗಂಟೆ ಕೊಡಿ ಎಂದೆ. ಚಿಕ್ಕಣ್ಣ ಕನ್ನಡಕ ಏರಿಸಿ ಒಂದು ಬಿಸ್ಕತ್ತನ್ನು ಅಕ್ಷರ ಅಕ್ಷರವಾಗಿ ಓದಿದರು. "ಸರ್ಯಾಗೇ ಬರ್ದಿದ್ದೀಯಲ್ಲವ್ವ. ನಾವು ಕರೆಯೋದು ಅಂಗೇಯ" ಎಂದರು. ಸೊಸೆಗೆ ಸಿಟ್ಟು ಬಂದಿದ್ದರೂ ನಗು ತಡೆಯಲಾಗಲಿಲ್ಲ. ಕೊನೆಗೆ ಇಪ್ಪತ್ತನ್ನು ನಾನು ಬಿಸಿ ಚಾಕುವಿನಿಂದ ಹೆರೆದು ಹೇಮಂತ ಮಾಡಿದೆ. ಉಳಿದ ಇಪ್ಪತ್ತನ್ನು ಅಜ್ಜ ಊರಿನವರಿಗೆಂದು ಹಾಗೇ ಒಯ್ದರು.

ಆ ಭಯದಲ್ಲಿ ಮುಂದಿನ ವಾರ ಅನಿತಾ ಎಂದು ಫೋನಿನಲ್ಲಿ ಕೇಳಿ, ಜಾಣತನದಿಂದ 'ಹನಿತಾ' ಎಂದು ಬರೆದೆ. ಅದನ್ನೂ ಹೆರೆಯಬೇಕಾಯಿತು. ಆಮೇಲೆ ಒಂದು ನೋಟ್ ಪುಸ್ತಕ ಇಟ್ಟು, ಹೆಸರನ್ನು ಅವರ ಕೈಯಲ್ಲೇ ಬರೆಸಿಕೊಳ್ಳತೊಡಗಿದೆ.

ಇವೆಲ್ಲ ನಕ್ಕು ಮರೆಯುವ ತಪ್ಪುಗಳು. ಒಂದು ತಪ್ಪು ಮಾತ್ರ ಹಾಗಿರಲಿಲ್ಲ.

ಸೋಸಲೆಯ ಪದ್ಮಾವತಮ್ಮ ಎಂಬವರು ಒಮ್ಮೆ ಯಾರದೋ ಮನೆಯಲ್ಲಿ ನನ್ನ ಬಿಸ್ಕತ್ತು ನೋಡಿ, ವಿಳಾಸ ಕೇಳಿಕೊಂಡು ಬಂದಿದ್ದರು. ಒಳಗೆ ಬಂದವರು ಗೋಡೆಯ ಮೇಲಿನ ಬುದ್ಧನ ಪಟ ನೋಡಿದರು. ನನ್ನ ಊರು ಯಾವುದು, ಊರಿನಲ್ಲಿ ಮನೆ ಯಾವ ಬೀದಿಯಲ್ಲಿ ಎಂದು ವಿಚಾರಿಸಿದರು. ಹೇಳಿದೆ. ಕುಡಿಯಲು ನೀರು ತಂದಿಟ್ಟೆ, ಮುಟ್ಟಲಿಲ್ಲ. ಆಮೇಲೆ ತಿಳಿಸುತ್ತೇನೆ ಎಂದು ಎದ್ದರು. ಇಂಥದ್ದು ನನಗೆ ಹೊಸದಲ್ಲ. ಆಮೇಲೆ ತಿಳಿಸುತ್ತೇನೆ ಎಂದವರಲ್ಲಿ ತಿಳಿಸಿದವರು ಕಡಿಮೆ. ಆದರೆ ಇವರು ಮೂರು ತಿಂಗಳ ಮೇಲೆ ನಿಜವಾಗಿಯೂ ಫೋನ್ ಮಾಡಿದರು. ಅವರ ಯಜಮಾನರಿಗೆ ಅರವತ್ತು ತುಂಬುತ್ತದೆ, ಮನೆಯಲ್ಲಿ ಪೂಜೆ, ಬಂದ ಮಕ್ಕಳಿಗೆ ಕೊಡಲು ಬಿಸ್ಕತ್ತು ಬೇಕು, ಮೊಟ್ಟೆ ಮಾತ್ರ ಸೋಕಬಾರದು ಎಂದರು. ಆಗಲಿ ಎಂದೆ.

ಬಿಸ್ಕತ್ತಿಗೆ ನಾನು ಮೊಟ್ಟೆ ಹಾಕುವುದೇ ಇಲ್ಲ. ಐಸಿಂಗಿನಲ್ಲಿ ಮಾತ್ರ ಎರಡು ವಿಧ. ಮೊಟ್ಟೆಯ ಬಿಳಿಯಲ್ಲಿ ಕಲಸಿದ್ದು ಗಟ್ಟಿಯಾಗಿ ಒಣಗಿ ಹೊಳೆಯುತ್ತದೆ. ಹಾಲು, ನಾಲ್ಕು ಹನಿ ನಿಂಬೆರಸದಲ್ಲಿ ಕಲಸಿದ್ದು ಒಣಗಲು ತಡ, ಹೊಳಪೂ ಕಡಿಮೆ. ಆ ದಿನ ಎರಡು ಆರ್ಡರ್ ಇದ್ದವು, ಎರಡರಲ್ಲೂ ಅರಳಿ ಎಲೆಯ ಆಕಾರ, ಎರಡಕ್ಕೂ ಹಸಿರು ಬಣ್ಣ. ಒಂದು ಪದ್ಮಾವತಮ್ಮನವರಿಗೆ, ಹಾಲಿನದು. ಇನ್ನೊಂದು ನಮ್ಮ ಕಡೆಯವರ ಬುದ್ಧ ಪೂರ್ಣಿಮೆಗೆ, ಮೊಟ್ಟೆಯದು. ಬಟ್ಟಲು ಬೇರೆ, ಚಮಚ ಬೇರೆ, ಎಲ್ಲ ಬೇರೆ ಮಾಡಿ ಜಂಬಪಟ್ಟುಕೊಂಡಿದ್ದೆ. ಡಬ್ಬಿಗಳು ಮಾತ್ರ ಒಂದೇ ತರಹ. ಬೆಳಿಗ್ಗೆ ಸೋಸಲೆಯಿಂದ ಒಬ್ಬರು ಬಂದು ಡಬ್ಬಿ ಒಯ್ದರು. ಅವರು ಹೋಗಿ ಅರ್ಧ ಗಂಟೆಯಾದ ಮೇಲೆ, ಉಳಿದ ಡಬ್ಬಿಗೆ ದಾರ ಕಟ್ಟುವ ಮುಂಚೆ ಒಮ್ಮೆ ಮುಚ್ಚಳ ತೆಗೆದೆ. ಎಲೆಗಳು ಮಂಕಾಗಿದ್ದವು. ಹೊಳೆಯುವುದು ಸೋಸಲೆಯ ಬಸ್ಸಿನಲ್ಲಿತ್ತು.

ಫೋನ್ ಮಾಡಿದೆ. ಪದ್ಮಾವತಮ್ಮನವರ ಫೋನು ಯಾರೂ ಎತ್ತುತ್ತಿಲ್ಲ. ಪೂಜೆಯ ಗಡಿಬಿಡಿ ಇರಬೇಕು. ಯಜಮಾನರಿಗೆ ಹೇಳಿದೆ. ತಿಂದವರಿಗೆ ಗೊತ್ತಾಗುವುದೇ ಇಲ್ಲವಲ್ಲ ಎಂದರು. ಅದು ನಿಜ. ವಾಸನೆ ಇಲ್ಲ, ರುಚಿ ಇಲ್ಲ. ಸುಮ್ಮನಿದ್ದರೆ ಲೋಕದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ, ಆ ಮನೆಯಿಂದ ತಂದರೆ ಇನ್ನೇನಾಗುತ್ತದೆ ಎಂದು ಅಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೆ ಮೊಟ್ಟೆಯ ಭಯಕ್ಕಿಂತ ಆ ಮಾತಿನ ಭಯ ದೊಡ್ಡದಾಗಿತ್ತು. ಕಾಲು ಗಂಟೆ ಹಾಗೇ ಕೂತಿದ್ದೆ. ಸುಮ್ಮನಿರೋಣ ಎಂದು ನಿಶ್ಚಯವನ್ನೂ ಮಾಡಿದೆ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಆಮೇಲೆ ಇವತ್ತು ಸಾಯಂಕಾಲ ಅವರು ಫೋನ್ ಮಾಡಿ ಚೆನ್ನಾಗಿತ್ತು ಎಂದರೆ ನಾನು ಏನು ಹೇಳಲಿ ಎಂದು ಯೋಚನೆ ಬಂತು. ಮಂಕು ಎಲೆಗಳ ಡಬ್ಬಿಯನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ.

ನರಸೀಪುರದವರೆಗೆ ಬಸ್ಸು, ಅಲ್ಲಿಂದ ಆಟೋ. ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಅವರ ಮನೆ ಮುಂದೆ ಶಾಮಿಯಾನ ಹಾಕಿತ್ತು. ಪೂಜೆ ಮುಗಿದು ಮಕ್ಕಳು ಸಾಲಾಗಿ ಕೂತಿದ್ದರು. ಪದ್ಮಾವತಮ್ಮ ಹೊರಗೆ ಬಂದರು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಅಮ್ಮ, ಡಬ್ಬಿ ಅದಲು ಬದಲಾಗ್ಬುಟ್ಟದೆ. ಅದರ ಬಣ್ಣದಲ್ಲಿ ಮೊಟ್ಟೆ ಅದೆ. ಯಾರಿಗೂ ಕೊಡ್ಬೇಡಿ" ಎಂದೆ.

ಅವರ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ಡಬ್ಬಿ ತಂದರು. ಮಕ್ಕಳಿಗೆ ಇನ್ನೂ ಹಂಚಿರಲಿಲ್ಲ, ಆದರೆ ಎರಡು ಎಲೆ ಕಡಿಮೆ ಇದ್ದವು. ಯಾರು ತಿಂದದ್ದೆಂದು ಅವರು ಸುತ್ತ ನೋಡಿದರು. ಮಣೆಯ ಮೇಲೆ ಹಾರ ಹಾಕಿಕೊಂಡು ಕೂತಿದ್ದ ಅವರ ಯಜಮಾನರು ತಲೆ ತಗ್ಗಿಸಿದ್ದರು. ಮೀಸೆಗೆ ಹಸಿರು ಅಂಟಿತ್ತು. ಯಾರೂ ನಗಲಿಲ್ಲ. ನನಗೆ ಮಾತ್ರ ಅಂಥ ಹೊತ್ತಿನಲ್ಲೂ ನಗು ಬರುವ ಹಾಗಾಗಿ ತುಟಿ ಕಚ್ಚಿಕೊಂಡೆ. ನಾನು ತಂದ ಡಬ್ಬಿ ತೆಗೆದುಕೊಂಡು ಪದ್ಮಾವತಮ್ಮ ಕೇಳಿದರು, "ನೀವು ಹೇಳ್ದೆ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ?"

"ಇಲ್ಲಮ್ಮ."

ಅವರು ಕೂರಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಹೊಳೆಯುವ ಎಲೆಗಳ ಡಬ್ಬಿಯನ್ನು ಹಿಡಿದು ನಾನೇ ಹೊರಟೆ. ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಡಬ್ಬಿಯಲ್ಲಿ ಏನೆಂದು ಕೇಳಿದ. ತೆಗೆದು ತೋರಿಸಿದೆ, ಮೊಟ್ಟೆ ಇದೆ ಎಂದು ಹೇಳಿಯೇ ಒಂದು ಕೊಟ್ಟೆ. ಹಿಂದಿನ ಸೀಟಿನವರು ಕತ್ತು ಚಾಚಿದರು. ನಂಜನಗೂಡು ಬರುವ ಹೊತ್ತಿಗೆ ಇಡೀ ಬಸ್ಸು ಬಿಸ್ಕತ್ತು ತಿನ್ನುತ್ತಿತ್ತು. ಪೂರ್ಣಿಮೆಗೆಂದು ಮಧ್ಯಾಹ್ನ ಮತ್ತೆ ಹಿಟ್ಟು ಕಲಸಿದೆ.

ಸೋಸಲೆಯ ಕಡೆ ಇನ್ನು ಮುಗಿಯಿತು ಎಂದುಕೊಂಡಿದ್ದೆ. ತಿಂಗಳು ಕಳೆದಿರಬಹುದು, ಒಂದು ಬೆಳಿಗ್ಗೆ ಪದ್ಮಾವತಮ್ಮ ಒಬ್ಬರೇ ಬಂದರು. ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡು, ಅಕ್ಕನ ಮಗಳ ಮದುವೆಗೆ ಇನ್ನೂರು ಬಿಸ್ಕತ್ತು ಬೇಕು ಎಂದರು. ಡಬ್ಬಿಗೆ ಈಗ ಕೆಂಪು ದಾರ, ಬಿಳಿ ದಾರ ಎಂದು ಗುರುತು ಮಾಡಿದ್ದೇನೆಂದು ತೋರಿಸಹೋದೆ. ಅದನ್ನು ನೋಡಲಿಲ್ಲ. "ಬಿಸಿಲಲ್ಲಿ ಬಂದಿದೀನಿ, ಒಂದು ಲೋಟ ಕಾಫಿ ಕೊಡ್ತೀರಾ?" ಎಂದು ಕೇಳಿದರು.

ಕೊಟ್ಟೆ. ಕುಡಿದರು. ಸಕ್ಕರೆ ಜಾಸ್ತಿ ಆಯಿತು, ಬಿಸ್ಕತ್ತು ಮಾಡುವವರ ಕೈ ಎಂದು ತಪ್ಪು ತೆಗೆದರು. ಲೋಟ ಕೆಳಗಿಟ್ಟು, ಇನ್ನರ್ಧ ಇದ್ದರೆ ಹಾಕಿ ಎಂದರು. ಮೊದಲ ದಿನ ಮುಟ್ಟದ ನೀರಿನ ವಿಷಯವಾಗಿ ನಾವಿಬ್ಬರೂ ಯಾವತ್ತೂ ಒಂದು ಮಾತೂ ಆಡಿಲ್ಲ. ಅವರ ಯಜಮಾನರು ಮಾತ್ರ ಆಮೇಲೆ ಒಮ್ಮೆ ಗುಟ್ಟಾಗಿ ಫೋನ್ ಮಾಡಿ, ಅವತ್ತಿನ ಹಾಗೆ ಹೊಳೆಯುವಂಥದ್ದು ಸಿಗುತ್ತದೆಯೇ ಎಂದು ಕೇಳಿದರು. ಅಮ್ಮನವರನ್ನು ಕೇಳಿ ಆರ್ಡರ್ ತೆಗೆದುಕೊಳ್ಳುತ್ತೇನೆ ಎಂದೆ. ಫೋನ್ ಇಟ್ಟುಬಿಟ್ಟರು.

ಕೊನೆಯ ಏಳೆಂಟು ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಚೌಕದ ದೊಡ್ಡ ಓವನ್ ಬಂತು. ಗಿರಾಕಿಗಳು ಬಾಯಲ್ಲಿ ಹೇಳುವುದನ್ನು ಬಿಟ್ಟು ಫೋನಿನಲ್ಲಿ ಫೋಟೋ ತೋರಿಸತೊಡಗಿದರು. ಒಬ್ಬ ತಾಯಿ ಒಂಟಿ ಕೊಂಬಿನ ಬಿಳಿ ಕುದುರೆಯ ಚಿತ್ರ ಕಳಿಸಿ, ಹೀಗೇ ಬೇಕು ಎಂದಳು. ಪಾಪ, ಒಂದು ಕೊಂಬು ಮುರಿದ ಎತ್ತಿರಬೇಕು ಎಂದು ನಾನು ಎರಡನೆಯದನ್ನೂ ಸೇರಿಸಿ ಕೊಟ್ಟೆ. ಮಗು ಅತ್ತಿತಂತೆ. ನಾನು ಆಮೇಲೆ ಫೋಟೋಗಳನ್ನು ದೊಡ್ಡದು ಮಾಡಿ ನೋಡಲು ಕಲಿತೆ. ಹೊಸ ಹುಡುಗಿಯರು ಮಾಡುವ ನುಣುಪು, ಬಣ್ಣಗಳ ಸೊಗಸು ನನ್ನದಕ್ಕಿಂತ ಎಷ್ಟೋ ಚೆನ್ನ. ಅದನ್ನು ಒಪ್ಪಿಕೊಳ್ಳಲು ನನಗೇನೂ ಬೇಜಾರಿಲ್ಲ. ತಿಂದು ನೋಡಿದರೆ ಎಷ್ಟೋ ಸಲ ಮೆತ್ತಗಿರುತ್ತದೆ, ಅದೊಂದೇ ಬೇಜಾರು.

ನನ್ನ ಕೊನೆಯ ಆರ್ಡರಿಗೆ ಬರುತ್ತೇನೆ. ನಮ್ಮ ಹಿಂದಿನ ಬೀದಿಯಲ್ಲಿ ಗುರುಸಿದ್ದಪ್ಪ ಎಂಬವರಿದ್ದಾರೆ. ಹೊಲಿಗೆ ಅಂಗಡಿ ಇಟ್ಟಿದ್ದವರು, ಐವತ್ತರ ಹೊತ್ತಿಗೆ ಎರಡೂ ಕಣ್ಣಿನ ದೃಷ್ಟಿ ಹೋಯಿತು. ಒಂದು ದಿನ ಮೊಮ್ಮಗಳು ಅಮೂಲ್ಯಳ ಕೈ ಹಿಡಿದು ಬಂದರು. ಅವಳು ಆಗ ಒಂದನೇ ಕ್ಲಾಸು. ಶಾಲೆಯಲ್ಲಿ ದಿನವೂ ಚಿತ್ರ ಬರೆದು ತರುತ್ತಾಳೆ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ, ತಾತನಿಗೆ ಮಾತ್ರ ಹಾಳೆ ಬರೀ ಹಾಳೆ. ಗುರುಸಿದ್ದಪ್ಪ ಮುಜುಗರದಿಂದ ಕೇಳಿದರು, "ನೀವು ಬಿಸ್ಕತ್ ಮೇಲೆ ಬರಿಯೋದು ಕೈಗೆ ಸಿಗ್ತದಂತಲ್ಲಮ್ಮ. ಇವ್ಳು ಬರ್ದಿದ್ನ ಅಂಗೇ ಬರ್ಕೊಡಕಾಯ್ತದಾ?"

ಇಷ್ಟು ವರ್ಷ ಕಣ್ಣಿಗೆಂದೇ ಗೆರೆ ಎಳೆದಿದ್ದೆ. ಕೈಗೆ ಸಿಗುವ ಗೆರೆ ಹೇಗಿರಬೇಕು ಎಂದು ಎರಡು ದಿನ ಯೋಚಿಸಿದೆ. ಬಣ್ಣ ಬಿಟ್ಟೆ. ಐಸಿಂಗನ್ನು ಗಟ್ಟಿಯಾಗಿ ಕಲಸಿ, ಗೆರೆ ಉಬ್ಬಿ ನಿಲ್ಲುವಂತೆ ಮಾಡಿದೆ. ಗೆರೆಗಳ ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟೆ. ಅಂಗೈ ಅಗಲದ ದೊಡ್ಡ ಬಿಸ್ಕತ್ತು. ಅಮೂಲ್ಯ ಕೊಟ್ಟ ಹಾಳೆಯಲ್ಲಿ ಒಂದು ಮನೆ, ಒಂದು ಸೂರ್ಯ, ಮನೆಗಿಂತ ಎತ್ತರದ ಒಬ್ಬ ಮನುಷ್ಯ. ಒಂದು ಗೆರೆಯನ್ನೂ ತಿದ್ದದೆ ಹಾಗೇ ಬರೆದೆ. ಸುಲಭವಾಗಲಿಲ್ಲ. ಕೆಲವು ತಿಂಗಳಿಂದ ನನ್ನ ಮಣಿಕಟ್ಟಿನಲ್ಲಿ ಬಲ ಕಡಿಮೆಯಾಗಿತ್ತು. ಯಾರಿಗೂ ಹೇಳಿರಲಿಲ್ಲ. ಮೂರು ಬಿಸ್ಕತ್ತು ಹೆರೆದು, ನಾಲ್ಕನೆಯದು ಚೆನ್ನಾಗಿ ಬಂತು ಎಂದುಕೊಂಡೆ. ಯಜಮಾನರಿಗೆ ತೋರಿಸಿದರೆ ಅವರಿಗೂ ಯಾವ ತಪ್ಪೂ ಕಾಣಲಿಲ್ಲ.

ಗುರುಸಿದ್ದಪ್ಪ ನಮ್ಮ ಜಗಲಿಯಲ್ಲೇ ಕೂತು ಬಿಸ್ಕತ್ತನ್ನು ತೊಡೆಯ ಮೇಲಿಟ್ಟುಕೊಂಡರು. ದರ್ಜಿಯ ಬೆರಳು. ಅಂಚಿನಿಂದ ಶುರು ಮಾಡಿ ಮನೆಯ ಗೋಡೆ ಹತ್ತಿದರು, ಸೂರು ಇಳಿದರು, ಬಾಗಿಲು ಹುಡುಕಿದರು. ಒಂದು ಕಡೆ ಬೆರಳು ನಿಂತಿತು. ಹಿಂದೆ ಹೋಗಿ ಮತ್ತೆ ಅದೇ ಜಾಗಕ್ಕೆ ಬಂದರು. "ಇಲ್ಲಿ ನಿಮ್ಮ ಕೈ ನಡುಗ್ಯದಲ್ಲಮ್ಮ" ಎಂದರು, ನಿಧಾನವಾಗಿ.

ಹೌದು ಎಂದೆ. ನೋವಾ ಎಂದು ಕೇಳಿದರು. ಅದಕ್ಕೂ ಹೌದು ಎಂದೆ. ತಮ್ಮ ಅಂಗಡಿ ಮುಚ್ಚುವ ಮುಂಚಿನ ವರ್ಷ ಹೊಲಿಗೆ ವಾರೆಯಾಗುತ್ತಿದ್ದರೂ ಗಿರಾಕಿಗಳು ಹೇಳುತ್ತಿರಲಿಲ್ಲ, ತಾವೂ ಒಪ್ಪಿಕೊಳ್ಳಲಿಲ್ಲ ಎಂದರು. ಚೆನ್ನಾಗಿ ಹೊಲಿಯುತ್ತಿದ್ದಾಗಲೇ ಬಿಟ್ಟಿದ್ದರೆ ಕೊನೆಯ ಆ ಅಂಗಿಗಳು ಉಳಿಯುತ್ತಿದ್ದವು ಎಂದು ಸ್ವಲ್ಪ ನಕ್ಕರು. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಹೊತ್ತಿದ್ದ ಮೂಟೆಯನ್ನು ಯಾರೋ ತಲೆಯಿಂದ ಇಳಿಸಿಕೊಂಡ ಹಾಗಾಯಿತು. ಅಂದೇ ತೀರ್ಮಾನ ಮಾಡಿದೆ. ಹೊಸ ಆರ್ಡರ್ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಅವರ ಬೆರಳು ಆ ಎತ್ತರದ ಮನುಷ್ಯನ ಹತ್ತಿರ ಬಂದಿತ್ತು. ಕಾಲಿನಿಂದ ಮೇಲಕ್ಕೆ ಹೋಗಿ, ತಲೆ ಸುತ್ತಿ, ಪಕ್ಕಕ್ಕೆ ಹೊರಳಿ, ಹೊರಳುತ್ತಲೇ ಹೋಯಿತು. ಇದು ಯಾರು ಎಂದು ಕೇಳಿದರು. ನೀನೇ ತಾತ ಎಂದಳು ಅಮೂಲ್ಯ.

"ನನ್ನ ಕಿವಿ ಇಷ್ಟು ದೊಡ್ಡದಾ?"

"ಹೂಂ. ನಾನು ಬಾಗಿಲಾಚೆ ಇದ್ರೂ ನಿಂಗೆ ಕೇಳ್ತದಲ್ಲ" ಎಂದಳು.

ಗುರುಸಿದ್ದಪ್ಪ ಒಂದು ಕೈಯನ್ನು ಬಿಸ್ಕತ್ತಿನ ಮೇಲೇ ಇಟ್ಟು, ಇನ್ನೊಂದು ಕೈಯಿಂದ ತಮ್ಮ ಕಿವಿಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ, ಸರಿಯಾಗೇ ಅದೆ ಎಂದರು. ಅವಳು ತಿನ್ನೋಣ ಎಂದಾಗ, ಇವತ್ತೊಂದು ದಿನ ಇರಲಿ, ಇನ್ನೂ ಸೂರ್ಯನನ್ನು ನೋಡಿಲ್ಲ ಎಂದು ಬಿಸ್ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ಎದ್ದರು.